ಮುಂಬಯಿಯ ಗಂಡಸರ ಆರೋಗ್ಯ: ಅಭ್ಯಾಸಕ್ಕೊಬ್ಬ ಜೊತೆಗಾರ ಬೇಕು

ದಿನನಿತ್ಯದ ನಡೆದಾಟಕ್ಕೂ ಹೃದಯದ ಆರೋಗ್ಯಕ್ಕೂ ಇರುವ ನಂಟನ್ನು ಅಂಕಿಗಳ ಸಮೇತ ತೋರಿಸಿದ ಮೊದಮೊದಲ ದೊಡ್ಡ ಅಧ್ಯಯನಗಳಲ್ಲೊಂದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದುಡಿಯುತ್ತಿದ್ದ ಗಂಡಸರನ್ನು ಕುರಿತದ್ದು. ಜೆರೆಮಿ ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು 35ರಿಂದ 64 ವರ್ಷದ ಸುಮಾರು 31,000 ಸಾರಿಗೆ ನೌಕರರ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ಅದನ್ನು ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಮಟ್ಟದ ಸಂಬಳ. ಆದರೂ ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು, ಬಂದವರಲ್ಲಿಯೂ ಅದರ ಪೆಟ್ಟು ಅಷ್ಟು ತೀವ್ರವಾಗಿರಲಿಲ್ಲ. ಡ್ರೈವರ್ ಇಡೀ ಪಾಳಿಯನ್ನು ಕುಳಿತೇ ಕಳೆಯುತ್ತಿದ್ದರೆ, ಕಂಡಕ್ಟರ್ ಟಿಕೇಟು ಕೊಡುವ ಸಲುವಾಗಿ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಬೆಸ್ಟ್ ಸಂಸ್ಥೆಯ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದಾಗ ನನಗೆ ಮೊದಲು ನೆನಪಾದದ್ದು ಈ ಅಧ್ಯಯನ.

ಇದೇ ಡ್ರೈವರ್ ಮತ್ತು ಕಂಡಕ್ಟರರನ್ನು ಈ ನಗರದ ಕನ್ನಡಿಗರು ತಮ್ಮ ಹೋಟೆಲುಗಳಲ್ಲಿಯೇ ಕಾಣಬಹುದು. ಕರಾವಳಿಯಿಂದ ಹದಿನಾಲ್ಕು ಹದಿನೈದರ ವಯಸ್ಸಿಗೆ ಬಂದು, ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಕಪ್ಪು ಬಸಿ ತೊಳೆದು, ಆಮೇಲೆ ಟೇಬಲ್ ಒರೆಸಿ, ವೇಟರ್ ಆಗಿ, ಮ್ಯಾನೇಜರ್ ಆಗಿ, ಕೊನೆಗೆ ಸ್ವಂತ ಹೋಟೆಲಿನ ಗಲ್ಲಾದ ಹಿಂದೆ ಕುಳಿತವರ ತಲೆಮಾರೊಂದು ಇಲ್ಲಿದೆ. ಬದುಕಿನಲ್ಲಿ ಒಂದೊಂದು ಮೆಟ್ಟಿಲು ಮೇಲೇರಿದಂತೆಲ್ಲ ಅವರ ಕಾಲಿನ ಕೆಲಸ ಕಡಿಮೆಯಾಗುತ್ತ ಬಂದಿತು. ಇಪ್ಪತ್ತರಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ನಿಂತು ನಡೆಯುತ್ತಿದ್ದ ದೇಹ ಐವತ್ತರಲ್ಲಿ ಹದಿನಾಲ್ಕು ಗಂಟೆ ಕುಳಿತಿರುತ್ತದೆ, ಆದರೆ ಊಟದ ಪ್ರಮಾಣವಾಗಲಿ ಚಹಾದ ಲೆಕ್ಕವಾಗಲಿ ಬದಲಾಗಿರುವುದಿಲ್ಲ. ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ, ಈಗ ಐರೋಲಿ ಮತ್ತು ಮಲಾಡಿನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರಿಗೆ ಕಾಲಿನ ಕೆಲಸ ಮೊದಲಿನಿಂದಲೂ ಇರಲಿಲ್ಲ. ಕಷ್ಟಪಟ್ಟು ಗಳಿಸಿದ ನೆಮ್ಮದಿಯ ಕುರ್ಚಿಯೇ ಆರೋಗ್ಯಕ್ಕೆ ಎರವಾಗುವ ಈ ಸ್ಥಿತಿ ಯಾರ ತಪ್ಪೂ ಅಲ್ಲ. ಆದರೆ ಅದನ್ನು ಗಮನಿಸದೆ ಬಿಟ್ಟರೆ ಬೆಲೆ ತೆರಬೇಕಾಗುತ್ತದೆ.

ಬೆಲೆ ಎಷ್ಟೆಂಬುದಕ್ಕೆ ಕೆಲವು ಅಂಕಿಗಳಿವೆ. ದೇಶದ ಜನನ ಮರಣಗಳನ್ನು ಅಂದಾಜಿಸುವ ಸರಕಾರಿ ಮಾದರಿ ನೋಂದಣಿ ವ್ಯವಸ್ಥೆಯ 2016–20ರ ಲೆಕ್ಕದಂತೆ ಭಾರತೀಯ ಗಂಡಸಿನ ನಿರೀಕ್ಷಿತ ಆಯುಸ್ಸು 68.6 ವರ್ಷ, ಹೆಂಗಸಿನದು 71.4. ಐವತ್ತೆರಡು ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು, ಗಂಡಸರಲ್ಲಿ ಮೊದಲ ಹೃದಯಾಘಾತದ ಅಪಾಯದ ಶೇ. 90ರಷ್ಟು ಪಾಲನ್ನು ಕೇವಲ ಒಂಬತ್ತು ಅಂಶಗಳು ವಿವರಿಸುತ್ತವೆ ಎಂದು ಕಂಡುಕೊಂಡಿತು: ಧೂಮಪಾನ, ಕೊಲೆಸ್ಟರಾಲಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಗಳ ಕೊರತೆ, ಮದ್ಯಪಾನದ ರೀತಿ, ದೇಹಶ್ರಮದ ಅಭಾವ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಮಧ್ಯಾಂಕ ವಯಸ್ಸು (ಅರ್ಧದಷ್ಟು ಮಂದಿಗೆ ಅದಕ್ಕಿಂತ ಮೊದಲೇ ಆಗಿರುವ ವಯಸ್ಸು) 53, ಉಳಿದ ದೇಶಗಳವರಿಗೆ ಸುಮಾರು 59 ಎಂಬುದೂ ಅದೇ ಅಧ್ಯಯನದ ಮಾಹಿತಿಯಿಂದ ತಿಳಿದುಬಂದದ್ದು. ಆರು ವರ್ಷವೆಂದರೆ ಮಗಳ ಓದು ಮುಗಿದು ಅವಳಿಗೊಂದು ಕೆಲಸ ಸಿಗುವಷ್ಟು ಕಾಲ.

ಈ ಒಂಬತ್ತರಲ್ಲಿ ಯಾವುದೂ ಗುಟ್ಟಿನ ಸಂಗತಿಯಲ್ಲ. ಬೀಡಿ ಕೆಟ್ಟದ್ದು, ನಡೆಯುವುದು ಒಳ್ಳೆಯದು ಎಂದು ಗೊತ್ತಿಲ್ಲದ ಗಂಡಸು ಇಂದು ಮುಂಬಯಿಯಲ್ಲಿ ಸಿಗಲಾರ. ಹೀಗಿದ್ದೂ ಒಳ್ಳೆಯ ಅಭ್ಯಾಸಗಳು ನಮ್ಮಲ್ಲಿ ಏಕೆ ನೆಲೆಗೊಳ್ಳುವುದಿಲ್ಲ ಎಂಬುದು ನಿಜವಾದ ಪ್ರಶ್ನೆ. ಅಭ್ಯಾಸವನ್ನು ನಾವು ಒಬ್ಬೊಬ್ಬನ ಮನೋಬಲಕ್ಕೆ ಬಿಟ್ಟುಕೊಟ್ಟಿರುವುದೇ ಮುಖ್ಯ ಕಾರಣವೆಂದು ಹಲವು ವರ್ಷಗಳಿಂದ ಇಲ್ಲಿನ ಸಂಘ ಸಂಸ್ಥೆಗಳನ್ನು, ಲೋಕಲ್ ರೈಲಿನ ಸಹಪ್ರಯಾಣಿಕರನ್ನು ನೋಡುತ್ತ ಬಂದ ನನಗೆ ಅನ್ನಿಸಿದೆ. ವಿರಾರಿನಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರ್ ಹೋಗಿ ಅಷ್ಟೇ ದೂರ ಮರಳಿ ಬರುವವನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಮನೋಬಲ ಉಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅಭ್ಯಾಸಕ್ಕೆ ಗೊತ್ತಾದ ಹೊತ್ತು, ಗೊತ್ತಾದ ಜಾಗ, ಜೊತೆಗೊಬ್ಬ ಮನುಷ್ಯ, ಇಷ್ಟು ಒದಗಿದರೆ ಮನೋಬಲದ ಅಗತ್ಯ ಅರ್ಧಕ್ಕರ್ಧ ಇಳಿಯುತ್ತದೆ.

ಮೊದಲು ನಡಿಗೆಯನ್ನೇ ನೋಡೋಣ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯನ್ನೂ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹರಡಿದ್ದು. ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅರವತ್ತು ದಾಟಿದವರಿಗೆ 6,000ದಿಂದ 8,000 ಹೆಜ್ಜೆ, ಅದಕ್ಕಿಂತ ಕಿರಿಯರಿಗೆ 8,000ದಿಂದ 10,000 ಹೆಜ್ಜೆಯವರೆಗೆ ಲಾಭ ಏರುತ್ತ ಹೋಗಿ ಅನಂತರ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆ ನಿಂತು ಬರುವುದು ಶ್ರಮವೇ ಆದರೂ ವ್ಯಾಯಾಮದ ಲೆಕ್ಕಕ್ಕೆ ಸೇರುವುದಿಲ್ಲ. ಸೇತುವೆಯ ಮೆಟ್ಟಿಲು ಹತ್ತುವುದು, ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹಿಡಿಯದೆ ಮನೆಗೆ ನಡೆಯುವುದು ಸೇರುತ್ತದೆ. ಹೋಗುವಾಗ ಹದಿನೈದು ನಿಮಿಷ, ಬರುವಾಗ ಹದಿನೈದು ನಿಮಿಷ ಚುರುಕಾಗಿ ನಡೆದರೆ ವಾರದ ಐದು ದಿನಗಳಲ್ಲಿ 150 ನಿಮಿಷ ತಾನಾಗಿಯೇ ತುಂಬುತ್ತದೆ. ಮಾಟುಂಗಾದ ಫೈವ್ ಗಾರ್ಡನ್ಸ್, ದಾದರಿನ ಶಿವಾಜಿ ಪಾರ್ಕ್, ಥಾಣೆಯ ತಲಾವ್ ಪಾಳಿ ಕೆರೆಯ ದಂಡೆ, ಬೋರಿವಲಿಯ ರಾಷ್ಟ್ರೀಯ ಉದ್ಯಾನ ಹತ್ತಿರವಿರುವವರು ಪುಣ್ಯವಂತರು. ಉಳಿದವರಿಗೆ ಸ್ಟೇಷನ್ನಿನ ರಸ್ತೆಯೇ ಉದ್ಯಾನ.

ಮಾರಿಸ್ ಅವರ ತಂಡ ಮುಂದೆ ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನೂ ಪರಿಶೀಲಿಸಿತು. ಡ್ರೈವರುಗಳ ಪ್ಯಾಂಟಿನ ಸೊಂಟದ ಸುತ್ತಳತೆ ಕಂಡಕ್ಟರುಗಳದ್ದಕ್ಕಿಂತ ಹೆಚ್ಚಿತ್ತು; ಆದರೆ ದಪ್ಪಗಿದ್ದ ಕಂಡಕ್ಟರನಿಗೂ ನಡೆದಾಟದ ರಕ್ಷಣೆ ದೊರೆತಿತ್ತು. ತೂಕ ಇಳಿಯಲಿಲ್ಲವೆಂದು ಎರಡೇ ತಿಂಗಳಲ್ಲಿ ನಡಿಗೆ ಬಿಟ್ಟುಬಿಡುವ ನಮ್ಮವರಿಗೆ ಈ ಮಾತು ತಿಳಿದಿರಬೇಕು. ಹಾಗೆಂದು ಸೊಂಟದ ಅಳತೆಯನ್ನು ಅಲಕ್ಷಿಸುವಂತಿಲ್ಲ. ಭಾರತೀಯ ಗಂಡಸರಿಗೆ ಹೊಟ್ಟೆಯ ಸುತ್ತಳತೆ 90 ಸೆಂಟಿಮೀಟರ್ ಮೀರಿದರೆ ಅಪಾಯವೆಂದು ವೈದ್ಯರು ಪರಿಗಣಿಸುತ್ತಾರೆ, ಮತ್ತು ಅದನ್ನು ಅಳೆಯಲು ದರ್ಜಿಯ ಟೇಪು ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳೂ, ಅದರ ಹೊಸ್ತಿಲಲ್ಲಿ ನಿಂತ 13.6 ಕೋಟಿ ಜನರೂ ಇದ್ದಾರೆ ಎಂದು ಅಂದಾಜಿಸಿದೆ. ರಕ್ತದೊತ್ತಡವಾಗಲಿ ಸಕ್ಕರೆಯಾಗಲಿ ಮೊದಲ ವರ್ಷಗಳಲ್ಲಿ ನೋವು ಕೊಡುವುದಿಲ್ಲ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ" ಎನ್ನುವ ಗಂಡಸು ಸುಳ್ಳು ಹೇಳುತ್ತಿರುವುದಿಲ್ಲ; ಅವನ ದೇಹ ಅವನಿಗೆ ಇನ್ನೂ ಏನನ್ನೂ ತಿಳಿಸಿಲ್ಲ, ಅಷ್ಟೆ. ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ಇವೆರಡನ್ನು ಪರೀಕ್ಷಿಸಿಕೊಳ್ಳುವುದನ್ನೂ ಹಲ್ಲುಜ್ಜುವಂತೆ ಒಂದು ಅಭ್ಯಾಸವೆಂದೇ ತಿಳಿಯಬೇಕು. ಬೃಹನ್ಮುಂಬಯಿ ಮಹಾನಗರಪಾಲಿಕೆಯು 2022ರಲ್ಲಿ ಆರಂಭಿಸಿದ ಆಪ್ಲಾ ದವಾಖಾನೆಗಳು ಕೆಲಸ ಮುಗಿಸಿ ಬರುವವರಿಗೂ ಅನುಕೂಲವಾಗುವಂತೆ ಸಂಜೆಯ ಹೊತ್ತಿನಲ್ಲಿ ತೆರೆದಿರುತ್ತವೆ, ಅಲ್ಲಿನ ತಪಾಸಣೆ ಉಚಿತ.

ನಿದ್ದೆಯ ವಿಷಯದಲ್ಲಿ ಈ ನಗರ ಗಂಡಸರಿಗೆ ನಿರ್ದಯವಾಗಿದೆ. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಬಾರು ಮತ್ತು ಹೋಟೆಲುಗಳಲ್ಲಿ ದುಡಿಯುವವರು ಲೆಕ್ಕ ಒಪ್ಪಿಸಿ ಮಲಗುವಾಗ ಹಾಲಿನ ಗಾಡಿ ಬಂದಿರುತ್ತದೆ. ಶರೀರದ ಒಳಗಿನ ಗಡಿಯಾರವನ್ನು ಕೆಡಿಸುವ ರಾತ್ರಿ ಪಾಳಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2007ರಲ್ಲಿಯೂ ಮತ್ತೆ 2019ರಲ್ಲಿಯೂ ಬಹುಶಃ ಕ್ಯಾನ್ಸರ್ ತರಬಲ್ಲ ಅಂಶಗಳ ಗುಂಪಿನಲ್ಲಿ ಇರಿಸಿದೆ. ಪಾಳಿಯನ್ನು ಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲವಾದ್ದರಿಂದ, ರಜೆಯ ದಿನವೂ ಸೇರಿ ಸಾಧ್ಯವಾದಷ್ಟು ಒಂದೇ ಹೊತ್ತಿಗೆ ಮಲಗುವುದು, ಕಿಟಕಿಗೆ ದಪ್ಪ ಪರದೆ ಹಾಕುವುದು, ಪಾಳಿಯ ಕೊನೆಯ ಗಂಟೆಗಳಲ್ಲಿ ಚಹಾ ಬಿಡುವುದು, ಮೊಬೈಲನ್ನು ತಲೆದಿಂಬಿನಿಂದ ದೂರವಿಡುವುದು ಇವಿಷ್ಟೇ ಅವರ ಕೈಯಲ್ಲಿರುವುದು. ನಾಲ್ಕೈದು ಜನ ಹಂಚಿಕೊಂಡಿರುವ ರೂಮಿನಲ್ಲಿ, ಮಲಗಿದವನ ನಿದ್ದೆಯನ್ನು ಉಳಿದವರು ಕಾಯುವುದಕ್ಕಿಂತ ದೊಡ್ಡ ಔಷಧವಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಊರಿನ ಹುರುಳಿ, ಹೆಸರುಕಾಳು, ಬಸಳೆ, ಬೂತಾಯಿ, ಬಂಗುಡೆಗಳಿಗೆ ಸರಿಸಾಟಿಯಾದ ಆಹಾರವನ್ನು ಯಾವ ತಜ್ಞನೂ ಹೊಸದಾಗಿ ಹೇಳಿಕೊಡಲಾರ. ಕುಚ್ಚಲಕ್ಕಿ ಗಂಜಿಯ ಜೊತೆಗೆ ಬರುವ ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿ ಮಾತ್ರ ಎಚ್ಚರ ಬೇಕು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಒಂದು ಚಹಾ ಚಮಚದಷ್ಟು.

ಹೆಚ್ಚು ಹೊತ್ತು ನಿಂತು ಮಾತನಾಡಬೇಕಾದದ್ದು ಬಾಯಿಗೆ ಹಾಕುವ ಇನ್ನೊಂದು ವಸ್ತುವಿನ ಬಗ್ಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ಮೀರಿದ ಭಾರತೀಯ ಗಂಡಸರಲ್ಲಿ ಶೇ. 38ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಹೆಂಗಸರಲ್ಲಿ ಈ ಪ್ರಮಾಣ ಶೇ. 9. ಮಹಾರಾಷ್ಟ್ರ ಸರಕಾರ 2012ರಲ್ಲಿಯೇ ಗುಟ್ಕಾ ನಿಷೇಧಿಸಿತು, ಆದರೆ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುವ ದೃಶ್ಯ ಪ್ಲಾಟ್‌ಫಾರಂಗಳಿಂದ ಮರೆಯಾಗಿಲ್ಲ. ತಂಬಾಕಿಲ್ಲದ ಬರಿಯ ಅಡಿಕೆ ನಿರಪಾಯಕಾರಿ ಎಂದು ಕರಾವಳಿ ಮತ್ತು ಮಲೆನಾಡಿನ ನಾವು ನಂಬಿಕೊಂಡು ಬಂದಿದ್ದೇವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಪುರಾವೆಗಳನ್ನು ಪರಿಶೀಲಿಸಿ 2003ರಲ್ಲಿ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ತೀರ್ಮಾನಿಸಿತು. ನಾನೂ ಅಡಿಕೆ ತೋಟದ ಮನೆಯಿಂದ ಬಂದವನು. ನನ್ನ ಶಾಲೆಯ ಫೀಸು ಬಂದದ್ದು ಅದೇ ಅಡಿಕೆಯಿಂದ. ಈ ವಾಕ್ಯವನ್ನು ಬರೆಯುವುದು ನನಗೆ ಸುಲಭವಲ್ಲ. ಆದರೆ ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರ್ ಬಾಯಿಯದ್ದೇ ಆಗಿರುವಾಗ, ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ದವಡೆಗೆ ಬಟ್ಟೆ ಕಟ್ಟಿಕೊಂಡು ಕುಳಿತವರನ್ನು ನೋಡಿದ ಮೇಲೆ, ಹೇಳದಿರುವುದು ತಪ್ಪಾಗುತ್ತದೆ.

ಈ ಚಟ ಕೂಡ ಜೊತೆಗಾರನ ಮೂಲಕವೇ ಅಂಟಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಬೀಡಾ ಕೊಡುವುದು, ತಂಬಾಕಿನ ಡಬ್ಬಿ ಚಾಚುವುದು, ಮಧ್ಯಾಹ್ನ ಊಟದ ಬಳಿಕ ಸಿಗರೇಟಿಗೆಂದು ಕೆಳಗಿಳಿಯುವುದು ಗಂಡಸರು ಒಬ್ಬರೊಡನೊಬ್ಬರು ಹತ್ತು ನಿಮಿಷ ನಿಂತು ಮಾತನಾಡಲು ಕಂಡುಕೊಂಡ ನೆಪಗಳು. ಮದ್ಯದ ಗ್ಲಾಸಿಗೂ ಇದು ಅನ್ವಯಿಸುತ್ತದೆ. ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೆ ಶನಿವಾರ ಸಂಜೆ ಕುಡಿಯಲು ಸೇರುವ ನಾಲ್ವರಲ್ಲಿ ಇಬ್ಬರಾದರೂ ಕುಡಿತಕ್ಕಿಂತ ಕೂಟಕ್ಕಾಗಿ ಬಂದವರು. ಚಟ ಬಿಡು ಎಂದರೆ ಅವರಿಗೆ ಆ ಹತ್ತು ನಿಮಿಷವನ್ನೂ ಬಿಡು ಎಂದಂತೆ ಕೇಳಿಸುತ್ತದೆ. ಬಿಡಿಸಬೇಕೆನ್ನುವವರು ಕೂಟಕ್ಕೆ ಬೇರೊಂದು ನೆಪ ಒದಗಿಸಬೇಕು. ತಂಬಾಕು ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ.

ಕೂಟದ ಮಹತ್ವವನ್ನು ಅತ್ಯಂತ ದೀರ್ಘಕಾಲ ಪರೀಕ್ಷಿಸಿದ ಅಧ್ಯಯನವೂ ಗಂಡಸರಿಂದಲೇ ಆರಂಭವಾದದ್ದು. 1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಆ ಅಧ್ಯಯನ, ಮುಂದೆ ಬಾಸ್ಟನ್ ನಗರದ ಬಡ ಬಸ್ತಿಗಳ ಹುಡುಗರನ್ನೂ ಒಳಗೊಂಡು, ಒಟ್ಟು 724 ಮಂದಿಯನ್ನು ಅವರ ಜೀವಮಾನದುದ್ದಕ್ಕೂ ಹಿಂಬಾಲಿಸಿತು. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳ ಬಗ್ಗೆ ತೃಪ್ತಿಯಿದ್ದವರು ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು, ಮತ್ತು ಈ ವಿಷಯದಲ್ಲಿ ಕೊಲೆಸ್ಟರಾಲಿನ ಮಟ್ಟಕ್ಕಿಂತ ಸಂಬಂಧಗಳ ತೃಪ್ತಿ ಉತ್ತಮ ಸೂಚಕವಾಗಿತ್ತು ಎಂದು ಅದರ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳಿದ್ದಾರೆ. 148 ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬಲವಾದ ಸಾಮಾಜಿಕ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇ. 50ರಷ್ಟು ಹೆಚ್ಚಿತ್ತು.

ಮುಂಬಯಿಯ ಹಿಂದಿನ ತಲೆಮಾರಿನ ಕನ್ನಡಿಗರಲ್ಲಿ ಹಣವಿರಲಿಲ್ಲ, ಜಾಗವಿರಲಿಲ್ಲ, ಆದರೆ ಜೊತೆ ಯಥೇಚ್ಛವಾಗಿತ್ತು. ಊರಿನವರ ರೂಮಿನಲ್ಲಿ ಹತ್ತಾರು ಮಂದಿ ಸಾಲಾಗಿ ಚಾಪೆ ಹಾಸುತ್ತಿದ್ದರು. ಹಗಲಿಡೀ ಹೋಟೆಲಿನಲ್ಲಿ ದುಡಿದು ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರಿಗೆ ಬೆಂಚಿನ ಗೆಳೆಯರು ಒಡಹುಟ್ಟಿದವರಂತೆ ಉಳಿದರು. ಚಾಳಿನ ಉದ್ದನೆಯ ಪಡಸಾಲೆಯಲ್ಲಿ ಒಬ್ಬನ ಕೆಮ್ಮು ಹತ್ತು ಮನೆಗಳಿಗೆ ಕೇಳಿಸುತ್ತಿತ್ತು, ಎರಡು ದಿನ ಬಾಗಿಲು ತೆರೆಯದಿದ್ದರೆ ಯಾರಾದರೂ ತಟ್ಟುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಹುಟ್ಟಿದ ಮಾಟುಂಗಾದ ಮೈಸೂರು ಅಸೋಸಿಯೇಷನ್, ಆಮೇಲೆ ಬಂದ ನೂರಾರು ಸಂಘಗಳು, ಭಜನಾ ಮಂಡಳಿಗಳು ಇದೇ ಒಡನಾಟಕ್ಕೆ ಒಂದು ಸೂರು ಒದಗಿಸಿದವು. ಆ ಕಾಲದ ಇಕ್ಕಟ್ಟನ್ನೂ ಹಸಿವನ್ನೂ ನಾನು ಹೊಗಳುತ್ತಿಲ್ಲ. ಕ್ಷಯದಿಂದ ಊರಿಗೆ ಮರಳಿದವರ ಕಥೆಗಳನ್ನು ಕೇಳುತ್ತಲೇ ಬೆಳೆದಿದ್ದೇನೆ. ಆದರೆ ಆ ಇಕ್ಕಟ್ಟಿನೊಳಗೆ ಗಂಡಸಿನ ಮೇಲೆ ಒಂದು ಕಣ್ಣಿತ್ತು.

ಈಗ ಅದೇ ಗಂಡಸು ಭಾಯಂದರಿನಲ್ಲೋ ನಾಲಾಸೋಪಾರಾದಲ್ಲೋ ಡೊಂಬಿವಲಿಯಲ್ಲೋ ಬಾಗಿಲು ಮುಚ್ಚಿದ ಫ್ಲ್ಯಾಟಿನಲ್ಲಿದ್ದಾನೆ. ಊರಿನ ಮನೆಗೆ ತಾರಸಿ, ತಂಗಿಯರ ಮದುವೆ, ದೈವದ ಕೋಲ, ಮಕ್ಕಳ ಓದು ಎಂದು ಜವಾಬ್ದಾರಿಗಳನ್ನು ಒಂದೊಂದಾಗಿ ಮುಗಿಸುವುದನ್ನೇ ಅವನು ಸುಖವೆಂದು ತಿಳಿದಿದ್ದ. ಅವೆಲ್ಲ ಮುಗಿದು ನಿವೃತ್ತಿಯಾದ ಮರುದಿನ 7.42ರ ಲೋಕಲಿನ ಗುಂಪು ಅವನನ್ನು ಬಿಟ್ಟು ಹೊರಟುಹೋಗುತ್ತದೆ. ಮೂವತ್ತು ವರ್ಷ ಒಂದೇ ಡಬ್ಬಿಯಲ್ಲಿ ಇಸ್ಪೀಟು ಆಡಿದವರ, ಭಜನೆ ಹಾಡಿದವರ ಫೋನ್ ನಂಬರು ಕೂಡ ಎಷ್ಟೋ ಸಲ ಅವನಲ್ಲಿರುವುದಿಲ್ಲ. ಮನಸ್ಸಿನ ಮಾತಿಗೆ ಉಳಿಯುವುದು ಹೆಂಡತಿಯೊಬ್ಬಳೇ, ಅವಳೂ ತೀರಿಕೊಂಡರೆ ಯಾರೂ ಇಲ್ಲ. ಹೆಂಗಸರು ನೀರಿನ ನಲ್ಲಿಯ ಬಳಿ, ದೇವಸ್ಥಾನದಲ್ಲಿ, ಮಕ್ಕಳ ಶಾಲೆಯ ಗೇಟಿನಲ್ಲಿ ಹೊಸ ಗೆಳತಿಯರನ್ನು ಮಾಡಿಕೊಳ್ಳುತ್ತ ಹೋಗುವಾಗ, ನಲವತ್ತು ದಾಟಿದ ಮೇಲೆ ಹೊಸ ಗೆಳೆಯನನ್ನು ಸಂಪಾದಿಸಿದ ಗಂಡಸರು ನನ್ನ ಪರಿಚಯದಲ್ಲಿ ಕೆಲವರೇ.

ಇದರ ಅತ್ಯಂತ ಕಠೋರವಾದ ಲೆಕ್ಕ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿದೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ 1,22,724 ಮಂದಿ ಗಂಡಸರು. ವೃತ್ತಿಯ ಲೆಕ್ಕದಲ್ಲಿ ನೋಡಿದರೆ ಕಾಲು ಭಾಗಕ್ಕೂ ಹೆಚ್ಚು ಮಂದಿ ದಿನಗೂಲಿಗಳು. ಸಾಲ, ಕೆಲಸ, ಕಾಯಿಲೆ, ಕುಟುಂಬದ ಬಿರುಕು ಹೀಗೆ ಕಾರಣಗಳು ಹಲವು, ಎಲ್ಲವನ್ನೂ ಒಂಟಿತನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಸಾಲದ ಬಗ್ಗೆ ಯಾರೊಡನೆಯೂ ಬಾಯಿಬಿಡಲಾಗದ ಸ್ಥಿತಿ ಸಾಲಕ್ಕಿಂತ ಭಾರ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಹಾರಾಷ್ಟ್ರದಲ್ಲಿದ್ದುಕೊಂಡು ಮರಾಠಿ ಹಿಂದಿಗಳಲ್ಲಿ ವ್ಯವಹಾರ ನಡೆಸಬಲ್ಲವನಿಗೂ ಅಳು ಬರುವುದು ತಾಯ್ನುಡಿಯಲ್ಲಿಯೇ. ಈ ಸಂಖ್ಯೆಯನ್ನು ಪ್ರತಿಯೊಂದು ಸಂಘದ ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು.

ಗಂಡಸರು ಎದುರುಬದುರು ಕುಳಿತು ಮನಸ್ಸು ತೋಡಿಕೊಳ್ಳಲು ಹಿಂಜರಿಯುತ್ತಾರೆ, ಪಕ್ಕಪಕ್ಕದಲ್ಲಿ ಏನಾದರೊಂದು ಕೆಲಸ ಮಾಡುವಾಗ ಮಾತು ತಾನಾಗಿಯೇ ಹೊರಬರುತ್ತದೆ. ಇದೇ ತಿಳಿವಳಿಕೆಯಿಂದ 1990ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಮೆನ್ಸ್ ಶೆಡ್ ಎಂಬ ಕೂಟಗಳು ಹುಟ್ಟಿಕೊಂಡವು. ನಿವೃತ್ತ ಗಂಡಸರು ಅಲ್ಲಿ ಸೇರಿ ಮರಗೆಲಸವನ್ನೋ ರಿಪೇರಿಯನ್ನೋ ಮಾಡುತ್ತಾರೆ. ನಮಗೆ ಅಂಥದ್ದನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ತಾಳಮದ್ದಳೆಯ ಅಭ್ಯಾಸ, ಶನಿವಾರದ ಭಜನೆ, ಗಣೇಶೋತ್ಸವದ ಚಪ್ಪರ, ಸಂಘದ ಕೇರಂ ಬೋರ್ಡು, ತುಳುವರ ಆಟಿ ತಿಂಗಳ ಕೂಟವಾದ ಆಟಿಡೊಂಜಿ ದಿನದ ಅಡುಗೆ ಇವೆಲ್ಲ ಗಂಡಸರನ್ನು ಪಕ್ಕಪಕ್ಕದಲ್ಲಿ ಕೂರಿಸುವ ಕೆಲಸಗಳು. ಕೊರತೆಯಿರುವುದು ಬೇರೆ ಕಡೆ. ನಮ್ಮ ಸಂಘಗಳು ವರ್ಷಕ್ಕೊಮ್ಮೆ ವೈದ್ಯಕೀಯ ಶಿಬಿರ ನಡೆಸಿ ಫೋಟೋ ತೆಗೆಸಿಕೊಂಡು ಸುಮ್ಮನಾಗುತ್ತವೆ, ಸನ್ಮಾನ ಸಮಾರಂಭಗಳಿಗೆ ವ್ಯಯಿಸುವ ಹೊತ್ತಿನಲ್ಲಿ ಹತ್ತನೆಯ ಒಂದು ಪಾಲನ್ನೂ ಸದಸ್ಯರ ದಿನಚರಿಗೆ ಕೊಡುವುದಿಲ್ಲ. ಭಜನೆಗೆ ಅರ್ಧ ಗಂಟೆ ಮೊದಲು ಸೇರಿ ಒಟ್ಟಿಗೆ ನಡೆದು ಬರುವುದು, ಕಚೇರಿಯ ಮೇಜಿನ ಮೇಲೆ ರಕ್ತದೊತ್ತಡ ಅಳೆಯುವ ಒಂದು ಯಂತ್ರ ಇಡುವುದು, ಎರಡು ವಾರ ಬಾರದ ಸದಸ್ಯನಿಗೆ ಕಡ್ಡಾಯವಾಗಿ ಫೋನ್ ಮಾಡುವವರೊಬ್ಬರನ್ನು ಗೊತ್ತುಮಾಡುವುದು, ಇವಕ್ಕೆ ಬಹುಮಂದಿ ದಾನಿಗಳು ಬೇಕಾಗಿಲ್ಲ. ಹೋಟೆಲಿನ ಯಜಮಾನರಿಗೂ ಒಂದು ಮಾತು: ಮಧ್ಯಾಹ್ನ ಮೂರರ ಬಳಿಕ ಗಿರಾಕಿಗಳು ಕಡಿಮೆಯಾದಾಗ ಗಲ್ಲಾವನ್ನು ಮ್ಯಾನೇಜರಿಗೆ ಒಪ್ಪಿಸಿ, ಪಕ್ಕದ ಹೋಟೆಲಿನವರನ್ನೂ ಕರೆದುಕೊಂಡು ಇಪ್ಪತ್ತು ನಿಮಿಷ ರಸ್ತೆಯಲ್ಲಿ ನಡೆದರೆ ವ್ಯಾಪಾರ ನಿಲ್ಲುವುದಿಲ್ಲ.

ಥಾಣೆಯ ತಲಾವ್ ಪಾಳಿಯ ಸುತ್ತ ಬೆಳಿಗ್ಗೆ ಆರಕ್ಕೆ ನಾವು ಐವರು ನಡೆಯುತ್ತೇವೆ. ಒಬ್ಬರು ನಿವೃತ್ತ ಬ್ಯಾಂಕ್ ಗುಮಾಸ್ತರು, ಇಬ್ಬರು ಹೋಟೆಲಿನವರು, ಒಬ್ಬರು ಶಾಲೆಯ ಮಾಸ್ತರರಾಗಿದ್ದವರು. ನಾಲ್ಕು ಸುತ್ತಿನಲ್ಲಿ ಊರಿನ ಮಳೆ, ಅಡಿಕೆ ರೇಟು, ಮಕ್ಕಳ ಮದುವೆ ಎಲ್ಲ ಬಂದುಹೋಗುತ್ತವೆ. ಕಳೆದ ಮಳೆಗಾಲದಲ್ಲಿ ಮಾಸ್ತರರು ಎರಡು ದಿನ ಬರಲಿಲ್ಲ. ಮೂರನೆಯ ದಿನ ಸುತ್ತು ಹಾಕುವುದನ್ನು ಬಿಟ್ಟು ನಾಲ್ವರೂ ಅವರ ಮನೆಗೆ ಹೋದೆವು. "ಏನಿಲ್ಲ ಮಾರಾಯ್ರೆ, ಸ್ವಲ್ಪ ತಲೆ ತಿರುಗುತ್ತದೆ" ಎಂದರು. ಒತ್ತಾಯಿಸಿ ಡಾಕ್ಟರರ ಬಳಿ ಕರೆದುಕೊಂಡು ಹೋದಾಗ ಅವರ ರಕ್ತದೊತ್ತಡ 190ಕ್ಕೆ ಏರಿತ್ತು. ಈಗ ಅವರು ಮಾತ್ರೆ ತೆಗೆದುಕೊಳ್ಳುತ್ತಾರೆ, ತಾಂಬೂಲದ ಚೀಲವನ್ನು ಮನೆಯಲ್ಲಿಯೇ ಬಿಟ್ಟು ಬರುತ್ತಾರೆ, ಮೂರನೆಯ ಸುತ್ತಿನಲ್ಲಿ ನಮಗಿಂತ ಮುಂದೆ ಇರುತ್ತಾರೆ.